ಹಗ್ಗ ಮುಟ್ಟದ ಹದಿನೈದು ದಿನ

ನಾನು ಸಂಗೀತ ಕಲಿಯಲು ಕೂತಾಗ ನನಗೆ ಇಪ್ಪತ್ತೆರಡು ವರ್ಷ ತುಂಬಿತ್ತು. ಅದಕ್ಕೆ ಮೊದಲು ಹಾಡಿದವನಲ್ಲ. ಶಾಲೆಯ ಪ್ರಾರ್ಥನೆಯಲ್ಲಿ ತುಟಿ ಆಡಿಸುತ್ತಿದ್ದೆ, ಭಜನೆಯಲ್ಲಿ ತಾಳ ಹಿಡಿದು ಹಿಂದೆ ಕೂರುತ್ತಿದ್ದೆ, ಅಷ್ಟೇ. ಕಲಿಯುತ್ತಿರುವುದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಸೋಮವಾರ ಮತ್ತು ಗುರುವಾರ ನಾನು ಮಂಕಿಯಿಂದ ಹೊನ್ನಾವರಕ್ಕೆ ಹೋಗುವುದು ಟೈಪಿಂಗ್ ಕ್ಲಾಸಿಗೆ ಎಂದೇ ಎಲ್ಲರೂ ತಿಳಿದಿದ್ದರು.

ಟೈಪಿಂಗ್ ಕ್ಲಾಸಿಗೆ ಹೋದದ್ದು ಪೂರ್ತಿ ಸುಳ್ಳೂ ಅಲ್ಲ. ಮೊದಲ ಎರಡು ತಿಂಗಳು ಹೋಗಿದ್ದೆ. ಎಪ್ಪತ್ತರ ದಶಕದ ನಡುವಿನ ಮಾತು. ಎಸ್ಸೆಸ್ಸೆಲ್ಸಿ ಮುಗಿಸಿದವರು ಆಗ ಟೈಪಿಂಗ್ ಕಲಿತು ಅರ್ಜಿ ಹಾಕುತ್ತಿದ್ದರು. ಕ್ಲಾಸು ನಡೆಯುತ್ತಿದ್ದುದು ಪೇಟೆಯ ಒಂದು ಮಹಡಿಯ ಮೇಲೆ. ಅದರ ಹಿಂಬದಿ ಕಿಟಕಿಯಿಂದ ಒಂದು ಹೆಂಚಿನ ಮನೆ, ಅದರ ಜಗಲಿ, ಜಗಲಿಯಲ್ಲಿ ಪೇಟಿ ಬಾರಿಸುತ್ತ ಹಾಡುವ ಒಬ್ಬ ವಯಸ್ಸಾದವರು ಕಾಣುತ್ತಿದ್ದರು. ನಮ್ಮ ಕಡೆ ಹಾರ್ಮೋನಿಯಂಗೆ ಪೇಟಿ ಎನ್ನುತ್ತಾರೆ. ಅವರು ಶಾಲೆಯಿಂದ ನಿವೃತ್ತರಾದ ಮಾಸ್ತರು. ಅವರ ಹಾಡು ನಿಧಾನವಾದರೆ ನನ್ನ ಬೆರಳೂ ನಿಧಾನವಾಗುತ್ತಿತ್ತು, ಹಾಡು ನಿಂತರೆ ನನ್ನ ಮಶಿನ್ನೂ ನಿಲ್ಲುತ್ತಿತ್ತು. ಕಲಿಸುವವರು ಎರಡು ಸಲ ಬೈದರು. ಮೂರನೆಯ ಸಲ ಬೈಯುವ ಮೊದಲು ನಾನೇ ಕಾಗದ ಎತ್ತಿಟ್ಟು ಕೆಳಗಿಳಿದು ಆ ಮನೆಯ ಅಂಗಳದಲ್ಲಿ ನಿಂತೆ.

ಕಲಿಯಬೇಕು ಎಂದೆ. ಅವರು ವಯಸ್ಸು ಕೇಳಿದರು. ಹೇಳಿದೆ. ನಗಲಿಲ್ಲ.

"ಅಡ್ಡಿಲ್ಲೆ, ಕೂತ್ಕ" ಎಂದರು.

ಐದು ತಿಂಗಳು ಬರೀ ಸ್ವರಗಳು. ಅದರಲ್ಲೂ ಹೆಚ್ಚಿನ ಹೊತ್ತು ಒಂದೇ ಸ್ವರ, ಸಾ. ಬೆಳಿಗ್ಗೆ ಎದ್ದು ಬಯಲಲ್ಲಿ ಕೂತು, ಉಸಿರು ಮುಗಿಯುವವರೆಗೆ ಸಾ ಹಿಡಿಯಬೇಕು ಎಂದು ಮಾಸ್ತರು ಹೇಳಿದ್ದರು. ನಾನು ಕಡಲ ದಂಡೆಯಲ್ಲಿ, ದೋಣಿಗಳಿರುವ ಜಾಗದಿಂದ ತೆಂಕಕ್ಕೆ, ಕೇದಿಗೆ ಮಟ್ಟಿಯ ಮರೆಯಲ್ಲಿ ಕೂರುತ್ತಿದ್ದೆ. ಮೀನು ಹಿಡಿಯುವ ಮನೆಯ ಹುಡುಗ, ಮೀಸೆ ಬಂದವನು, ಆ ಎಂದು ಬಾಯಿ ತೆರೆದು ಕೂತಿರುವುದನ್ನು ಯಾರಾದರೂ ನೋಡಿದರೆ ಆಯುಷ್ಯಪೂರ್ತಿ ಹೆಸರಿಡುತ್ತಾರೆ ಎಂಬ ಅಂಜಿಕೆ ನನಗೆ.

ಆ ವರ್ಷ ಚೌತಿ ಮುಗಿದ ಮೇಲೆ ಮಾಸ್ತರು ಒಂದು ಮಾತು ಹೇಳಿದರು. ಧಾರವಾಡದಲ್ಲಿ ಅವರ ಗುರುಬಂಧು ಒಬ್ಬರಿದ್ದರು. ಮನೆಯಲ್ಲೇ ಇದ್ದು, ಮನೆಕೆಲಸ ಮಾಡಿಕೊಂಡು ಕಲಿಯುವ ಒಬ್ಬ ವಿದ್ಯಾರ್ಥಿಯನ್ನು ಅವರು ಇಟ್ಟುಕೊಳ್ಳುತ್ತಾರೆ. ತಾವು ಒಂದು ಕಾಗದ ಬರೆದರೆ ಆಯಿತು. ಆದರೆ ಹೋದರೆ ಹತ್ತು ವರ್ಷ ಬೇರೆ ಯೋಚನೆ ಮಾಡಬಾರದು. ದೀಪಾವಳಿಯೊಳಗೆ ತಿಳಿಸು ಎಂದರು. ಹೋಗು ಎಂದು ಹೇಳಲಿಲ್ಲ, ಬೇಡ ಎಂದೂ ಹೇಳಲಿಲ್ಲ. ಎರಡರಲ್ಲಿ ಒಂದನ್ನು ಅವರೇ ಹೇಳಿಬಿಡಲಿ ಎಂದು ನಾನು ಲಾಂಚ್ ಕಟ್ಟೆಯವರೆಗೂ ಮನಸ್ಸಿನಲ್ಲೇ ಬೇಡಿಕೊಂಡು ನಡೆದದ್ದು ನೆನಪಿದೆ. ಶರಾವತಿಯನ್ನು ಆಗ ಲಾಂಚಿನಲ್ಲೇ ದಾಟಬೇಕಿತ್ತು. ಅವತ್ತು ಎರಡು ಲಾಂಚು ಬಿಟ್ಟುಕೊಟ್ಟು ಕಟ್ಟೆಯ ಮೇಲೆ ಕೂತಿದ್ದೆ.

ಮುಂದಿನದನ್ನು ಹೇಳುವ ಮೊದಲು ರಂಪಣಿ ಎಂದರೇನು ಎಂದು ಹೇಳಬೇಕು. ಈಗಿನವರು ಅದನ್ನು ನೋಡಿಲ್ಲ. ರಂಪಣಿ ಅರ್ಧ ಊರಿನಷ್ಟು ಉದ್ದದ ಬಲೆ. ದೋಣಿ ಅದನ್ನು ಕಡಲಿನಲ್ಲಿ ಅರ್ಧ ಸುತ್ತು ಬಿಟ್ಟು ಬರುತ್ತದೆ. ಎರಡು ತುದಿಯ ಹಗ್ಗಗಳು ದಂಡೆಗೆ ಬರುತ್ತವೆ, ಒಂದು ತೆಂಕು ಕಡೆ, ಒಂದು ಬಡಗು ಕಡೆ, ಮೊದಲಿಗೆ ನಡುವೆ ಎರಡು ಫರ್ಲಾಂಗು ದೂರ. ಒಂದೊಂದು ಹಗ್ಗಕ್ಕೆ ನಲವತ್ತು ಜನ. ಎರಡೂ ಕಡೆ ಒಂದೇ ಸಮ ಎಳೆಯಬೇಕು. ಒಂದು ಕಡೆ ಮುಂದಾದರೆ ಬಲೆ ಓರೆಯಾಗಿ ಮೀನು ಹೊರಟುಹೋಗುತ್ತದೆ. ಇದಕ್ಕಾಗಿ ನಡುವೆ ನಿಂತು ಒಬ್ಬರು ಕೂಗು ಹಾಕುತ್ತಾರೆ. ನಮ್ಮ ದಂಡೆಯ ಪದ್ಧತಿ ಹೀಗಿತ್ತು: ಕೂಗು ಉದ್ದಕ್ಕೆ ನಡೆಯುತ್ತಿರುವಾಗ ಯಾರೂ ಎಳೆಯುವುದಿಲ್ಲ, ಕಾಲು ಊರಿ ಹಗ್ಗ ಬಿಗಿ ಹಿಡಿಯುತ್ತಾರೆ. ಕೂಗು ನಿಂತ ಕ್ಷಣ ಎಳೆಯುತ್ತಾರೆ. ಬಲೆ ಹತ್ತಿರವಾದ ಮೇಲೆ ನಾಲ್ಕು ಜನ ಎದೆಮಟ್ಟದ ನೀರಿಗಿಳಿದು ಬಲೆಯ ಅಡಿಹಗ್ಗವನ್ನು ಕಾಲಿನಿಂದ ಮರಳಿಗೆ ಒತ್ತಿ ಹಿಡಿಯುತ್ತಾರೆ. ಇಲ್ಲದಿದ್ದರೆ ಮೀನು ಅಡಿಯಿಂದ ನುಸುಳುತ್ತದೆ. ಅವರು ಕಾಲೂರಿ ಸರಿಯಾಗಿ ನಿಲ್ಲುವ ತನಕ ಕೂಗು ಹಾಕುವವರು ಸುಮ್ಮನಿರುತ್ತಾರೆ. ಆಗ ದಂಡೆಯ ಮೇಲೆ ಎಂಬತ್ತು ಜನರೂ ಸುಮ್ಮನಿರುತ್ತಾರೆ.

ಕೂಗು ಹಾಕುತ್ತಿದ್ದವರು ನನ್ನ ದೊಡ್ಡಪ್ಪ. ಅಪ್ಪ ತೀರಿದ ಮೇಲೆ ನಾನು ಬೆಳೆದದ್ದು ಅವರ ಮನೆಯಲ್ಲೇ. ಅಕ್ಕನ ಗಂಡ ನೀರಿಗಿಳಿಯುವ ನಾಲ್ವರಲ್ಲಿ ಒಬ್ಬರು. ನಾನು ತೆಂಕು ಹಗ್ಗದಲ್ಲಿ ಎಳೆಯುವವನು. ಟೈಪಿಂಗ್ ಕ್ಲಾಸಿದೆ ಎಂದು ಸೋಮವಾರ ಮತ್ತು ಗುರುವಾರ ನನಗೆ ಹಗ್ಗದಿಂದ ರಜೆ ಕೊಟ್ಟಿದ್ದರು.

ಮಾಸ್ತರು ಆ ಮಾತು ಹೇಳಿದ ಕೆಲವು ದಿನಗಳ ಮೇಲೆ, ಒಂದು ಗುರುವಾರ. ಏಳುವುದು ತಡವಾಯಿತು. ನಾನು ದಂಡೆಗೆ ಬರುವಾಗ ಸೂರ್ಯ ಗುಡ್ಡ ಬಿಟ್ಟು ಮೇಲೆ ಬಂದಿದ್ದ. ಹಿಂದಿನ ಒಂದು ವಾರ ಬಲೆಯನ್ನು ಬಡಗು ತುದಿಯಲ್ಲಿ ಬಿಟ್ಟಿದ್ದರು. ಅವತ್ತೂ ಅಲ್ಲೇ ಎಂದುಕೊಂಡೆ. ದಂಡೆಯ ಮರಳಿನ ದಿಬ್ಬ ಹತ್ತಿ ಒಮ್ಮೆ ನೋಡಬಹುದಿತ್ತು. ನೋಡಲಿಲ್ಲ. ಬಸ್ಸಿಗೆ ಹೊತ್ತಾಗುತ್ತದೆ ಎಂದು ದಿಬ್ಬದ ಈಚೆಯ ಇಳಿಜಾರಿನಲ್ಲೇ ಕೂತು ಶುರುಮಾಡಿದೆ. ಬೆಳಗಿನ ಗಾಳಿ ನೆಲದ ಕಡೆಯಿಂದ ಕಡಲಿಗೆ ಬೀಸುತ್ತಿತ್ತು.

ಮೊದಲ ಸಾ ನಡುಗಿತು. ಎರಡನೆಯದು ಕೆಳಗಿಳಿಯಿತು. ಮೂರನೆಯದು ಸರಿಯಾಗಿ ಕೂತಿತು. ಐದು ತಿಂಗಳಲ್ಲಿ ಅಷ್ಟು ಚೆನ್ನಾಗಿ ಕೂತದ್ದು ಅದೇ ಮೊದಲು. ಅಲುಗಾಡದೆ ನಿಂತಿದೆ ಎಂದು ನನಗೇ ಗೊತ್ತಾಗುತ್ತಿತ್ತು, ಸಂತೋಷವಾಗಿತ್ತು, ಇದನ್ನೂ ಮುಚ್ಚಿಡದೆ ಬರೆಯಬೇಕು. ಉಸಿರು ಮುಗಿದಾಗ ಅದು ನಿಂತಿತು.

ದಿಬ್ಬದ ಆಚೆ ಕಿರುಚಾಟ ಕೇಳಿದ್ದು ಆಗ. ಹಗ್ಗ ಬಿಡಿ, ಬಿಡಿ ಎಂದು ಯಾರೋ ಕೂಗುತ್ತಿದ್ದರು. ಮೇಲೆ ಹತ್ತಿದೆ. ತೆಂಕು ಹಗ್ಗ ನನ್ನಿಂದ ಕಲ್ಲೆಸೆಯುವಷ್ಟು ದೂರದಲ್ಲೇ ಇತ್ತು. ನಲವತ್ತು ಜನ ಹಿಂದಕ್ಕೆ ಬಾಗಿ ನಿಂತಿದ್ದರು, ಹಗ್ಗ ಬಿಗಿದಿತ್ತು. ಬಡಗು ಹಗ್ಗ ಸಡಿಲವಾಗಿ ನೀರಿನಲ್ಲಿ ಬಿದ್ದಿತ್ತು. ಬಲೆ ಓರೆಯಾಗಿತ್ತು. ನೀರಿನಲ್ಲಿ ನಾಲ್ಕು ಜನ ಇರಬೇಕಾದಲ್ಲಿ ಮೂರು ತಲೆ ಕಂಡವು. ಮೂವರೂ ಒಂದೇ ಕಡೆಗೆ ತಿರುಗಿದ್ದರು. ಅವರಲ್ಲಿ ಭಾವ ಇರಲಿಲ್ಲ.

ಭಾವ ನೀರಿನಡಿ ಎಷ್ಟು ಹೊತ್ತಿದ್ದರು ಎಂದು ಆಮೇಲೆ ಎಲ್ಲರೂ ಬೇರೆ ಬೇರೆ ಹೇಳಿದರು. ಐದು ನಿಮಿಷ ಎಂದವರೂ ಇದ್ದಾರೆ. ಅಷ್ಟಾಗಿರಲಿಕ್ಕಿಲ್ಲ. ನಾನು ದಿಬ್ಬದಿಂದ ನೀರಿನ ಅಂಚಿಗೆ ಓಡಿ ಮುಟ್ಟುವಷ್ಟರಲ್ಲಿ ಅವರನ್ನು ಎತ್ತಿದ್ದರು. ಆ ದೂರವನ್ನು ನಾನು ಆಮೇಲೆ ಒಂದು ದಿನ ನಡೆದು ಅಳೆದೆ, ನೂರ ನಲವತ್ತು ಹೆಜ್ಜೆ. ಓಡಿದರೆ ಒಂದು ನಿಮಿಷಕ್ಕೂ ಕಡಿಮೆ. ಅಡಿಹಗ್ಗ ಕಾಲಿಗೆ ಸುತ್ತಿ ಎಳೆದುಕೊಂಡು ಹೋಗಿತ್ತು. ಇಬ್ಬರು ಹೆಗಲು ಕೊಟ್ಟು ತಂದು ಮರಳಿನ ಮೇಲೆ ಮಲಗಿಸಿದರು. ಬೋರಲು ಹಾಕಿ ಬೆನ್ನು ಒತ್ತಿದಾಗ ಉಪ್ಪುನೀರು ಕಾರಿದರು. ಆಮೇಲೆ ಕೆಮ್ಮಿದರು, ಕಣ್ಣು ಬಿಟ್ಟರು.

"ಬಂಗ್ಡೆ ಎಷ್ಟು ಉಳೀತು?"

ಇದು ಅವರ ಮೊದಲ ಮಾತು. ಅವರ ಜೊತೆ ನೀರಿನಲ್ಲಿದ್ದವನೊಬ್ಬ, "ಒಂದೇ ಉಳದದ್ದು. ಅದನ್ನ ಮಾರೂಕೆ ಬರೂದಿಲ್ಲ, ಮನೆಗೇ ಕೊಡ್ಬೇಕು" ಎಂದ. ಭಾವ ನಕ್ಕರು, ನಕ್ಕದ್ದಕ್ಕೆ ಮತ್ತೆ ಕೆಮ್ಮು ಬಂತು. ಅವರ ಭುಜದ ಕೀಲು ತಪ್ಪಿತ್ತು. ಹೊನ್ನಾವರದ ದವಾಖಾನೆಯಲ್ಲಿ ಅದನ್ನು ಕೂರಿಸಿ, ಕೈಯನ್ನು ಕೊರಳಿಗೆ ಕಟ್ಟಿ ಸಂಜೆಗೆ ಮನೆಗೆ ಕಳಿಸಿದರು. ಮೀನು ಪೂರ್ತಿ ಹೋಗಿತ್ತು.

ತೆಂಕು ಕಡೆಯವರು ಎಳೆದದ್ದು ಯಾಕೆ ಎಂದು ನನಗೆ ಆ ಬೆಳಿಗ್ಗೆ ದಿಬ್ಬದ ಮೇಲೇ ಗೊತ್ತಾಗಿತ್ತು. ಗಾಳಿಯಲ್ಲಿ ಎಲ್ಲಿಂದ ಬಂತೆಂದು ತಿಳಿಯದ ಒಂದು ಉದ್ದ ಕೂಗು, ಆಮೇಲೆ ಅದು ನಿಂತದ್ದು. ನಡುವೆ ನಿಂತ ದೊಡ್ಡಪ್ಪನಿಗೂ ಬಡಗು ಕಡೆಯವರಿಗೂ ಅದು ಕೇಳುವಷ್ಟು ಹತ್ತಿರವಿರಲಿಲ್ಲ. ತೆಂಕು ಕಡೆಯವರು ತಪ್ಪು ಮಾಡಿರಲಿಲ್ಲ. ಆ ಇಡೀ ದಿನ ನಾನು ಅದನ್ನು ಯಾರಿಗೂ ಹೇಳಲಿಲ್ಲ.

ಮರುದಿನ ಸಂಜೆ, ಬಿಸಿಲಿರುವಾಗಲೇ, ದೋಣಿ ಚಪ್ಪರದ ಅಡಿಯಲ್ಲಿ ರಂಪಣಿಯವರೆಲ್ಲ ಸೇರಿದರು. ತೆಂಕು ಹಗ್ಗದ ಹಿರಿಯ ಎದ್ದು ನಿಂತ.

"ನಾವು ಕೂಗು ಕೇಳೇ ಎಳದದ್ದು. ಕೂಗಿಲ್ದೆ ಎಳೂಕೆ ನಲ್ವತ್ತು ಜನಕ್ಕೆ ಒಟ್ಟಿಗೇ ಹುಚ್ಚು ಹಿಡೀತಾ?"

"ನಾ ಕೂಗ್ಲಿಲ್ಲ" ಎಂದರು ದೊಡ್ಡಪ್ಪ.

"ಹಂಗಾರೆ ಕೂಗಿದ್ದು ನಿಮ್ಗೇ ನೆನಪಿಲ್ಲ."

ನಾಳೆಯಿಂದ ಕೂಗಿಗೆ ಬೇರೆಯವರನ್ನು ನಿಲ್ಲಿಸೋಣ, ಅವರಿಗೂ ವಯಸ್ಸಾಯಿತು ಎಂದು ಯಾರೋ ಮೆಲ್ಲಗೆ ಹೇಳಿದರು. ಯಾವ ಮಾತಿಗೂ ಎದುರು ಮಾತು ಇಟ್ಟುಕೊಂಡಿರುತ್ತಿದ್ದ ದೊಡ್ಡಪ್ಪ ತಮ್ಮ ಎರಡು ಕೈಯನ್ನೂ ನೋಡುತ್ತ ಕೂತಿದ್ದರು. ತಾನು ಕೂಗಿದೆನೋ ಏನೋ ಎಂದು ಅವರಿಗೇ ಅನುಮಾನ ಬಂದಿತ್ತು. ಅದು ಅವರ ಮುಖದಲ್ಲಿ ಕಂಡಿತು.

ಸುಮ್ಮನಿದ್ದರೆ ಒಂದು ತಿಂಗಳಲ್ಲಿ ನಾನು ಧಾರವಾಡದಲ್ಲಿರಬಹುದು. ಹೇಳಿದರೆ ನನ್ನ ಸಂಗೀತ ಈ ಚಪ್ಪರದಲ್ಲೇ ಮುಗಿಯುತ್ತದೆ. ನನಗೆ ಆಗ ಕಂಡದ್ದು ಈ ಎರಡೇ. ಎದ್ದು ನಿಂತು, ಕೂಗಿದ್ದು ನಾನು ಎಂದೆ.

ಯಾರೂ ನಂಬಲಿಲ್ಲ. ದೊಡ್ಡಪ್ಪನನ್ನು ಉಳಿಸಲು ಹೇಳುತ್ತಿದ್ದಾನೆ ಎಂದರು. ನಾನು ಟೈಪಿಂಗಿನ ಕಥೆ, ಮಾಸ್ತರು, ಸಾ, ಎಲ್ಲವನ್ನೂ ಹೇಳಿದೆ. ತೆಂಕು ಹಗ್ಗದ ಹಿರಿಯ ಕೈ ಕಟ್ಟಿ ನಿಂತು ಕೇಳಿದ.

"ಮಾತು ಬ್ಯಾಡ. ಕೂಗಿ ತೋರ್ಸು."

ಹೀಗೆ ನನ್ನ ಜೀವನದಲ್ಲಿ ನಾನು ಮೊದಲ ಬಾರಿಗೆ ಜನರೆದುರು ಹಾಡಿದ್ದು ಸಾಕ್ಷಿಗಾಗಿ. ನಿಂತೇ ಹಾಡಿದೆ. ಮೊದಲ ಸಲ ಸ್ವರ ಕೂರದೆ ಅಳುವಿನಂತೆ ಕೇಳಿತು. ಹಿಂದಿನಿಂದ ಒಬ್ಬ, "ಯಾರು ಸತ್ರು ಮಾರಾಯಾ?" ಎಂದ. ಎಲ್ಲರೂ ನಕ್ಕರು. ನಕ್ಕದ್ದು ಒಳ್ಳೆಯದಾಯಿತು, ನನ್ನ ಉಸಿರು ಸಡಿಲವಾಯಿತು. ಎರಡನೆಯ ಸಲ ಅದು ಬಂತು. ಕಣ್ಣು ಮುಚ್ಚಿ, ಉಸಿರು ಮುಗಿಯುವವರೆಗೆ ಹಿಡಿದೆ. ನಿಲ್ಲಿಸಿ ಕಣ್ಣು ಬಿಟ್ಟಾಗ ನಗು ಇರಲಿಲ್ಲ. ತೆಂಕು ಹಗ್ಗದ ಹಿರಿಯ ಕಟ್ಟಿದ ಕೈ ಬಿಟ್ಟಿದ್ದ. ಅವನು ನನ್ನ ಕಡೆಗಲ್ಲ, ದೊಡ್ಡಪ್ಪನ ಕಡೆಗೆ ತಿರುಗಿ ಹೇಳಿದ.

"ಇದೇ ಕೂಗು. ನಂದು ತಪ್ಪಾತು."

ನನಗೆ ಶಿಕ್ಷೆ ಅಲ್ಲೇ ಆಯಿತು. ಬಲೆ ಕೆಡಿಸಿದವನಿಗೆ ದಂಡೆಯಲ್ಲಿ ಮೊದಲಿನಿಂದ ಇದ್ದದ್ದೇ: ದಂಡೆಯ ದೇವರಿಗೆ ಒಂದು ತೆಂಗಿನಕಾಯಿ ಒಡೆಯಬೇಕು, ಹದಿನೈದು ದಿನ ಹಗ್ಗ ಮುಟ್ಟಬಾರದು. ಕೊರಳಿಗೆ ಕೈ ಕಟ್ಟಿಕೊಂಡು ಕೂತಿದ್ದ ಭಾವ, ತಾನೂ ಹೇಗೂ ಹದಿನೈದು ದಿನ ಹಗ್ಗ ಮುಟ್ಟುವಂತಿಲ್ಲ, ಇಬ್ಬರೂ ಸೇರಿ ಭಜನೆ ಮಾಡುತ್ತೇವೆ ಎಂದರು. ಅವರು ನನ್ನನ್ನು ಬೈಯಲೇ ಇಲ್ಲ. ಬೈದದ್ದು ಅಕ್ಕ, ಅದೂ ಎರಡು ದಿನ ಮಾತು ಬಿಟ್ಟು ಆಮೇಲೆ. ಅವಳಿಗೆ ಗಂಡನ ಭುಜದಷ್ಟೇ ಇನ್ನೊಂದು ನೋವಿತ್ತು. "ತಮ್ಮ ಟೈಪಿಂಗ್ ಕಲೀತ ಹೇಳಿ ಊರೆಲ್ಲ ಹೇಳ್ಕಂಡು ಬಂದವಳು ನಾನು" ಎಂದಳು.

ಚಪ್ಪರದಿಂದ ಮನೆಗೆ ನಾನು ದೊಡ್ಡಪ್ಪನ ಹಿಂದೆ ನಡೆದೆ. ಅರ್ಧ ದಾರಿ ಬಂದ ಮೇಲೆ ಅವರು ತಿರುಗದೆ ಹೇಳಿದರು.

"ನೀ ಹಿಡೀತೆ, ಚಲೋ ಹಿಡೀತೆ. ನಿಲ್ಸೂದು ನೀನಲ್ಲ, ನಿನ್ನ ದಮ್ಮು ನಿಲ್ಸ್ತದೆ. ನಾ ನಿಲ್ಸೂವಾಗ ನೀರಲ್ಲಿದ್ದವ್ರ ಕಾಲು ನೋಡಿ ನಿಲ್ಸ್ತೆ."

ಮನೆಯ ಬೇಲಿ ಹತ್ತಿರ ಬಂದಾಗ, ಧಾರವಾಡದ ಮಾತನ್ನೂ ಹೇಳಿಬಿಟ್ಟೆ. ಅವರಿಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಅವರು ಬೇಲಿಯ ಗಳ ಸರಿಸುತ್ತ, ಹದಿನೈದು ದಿನ ಮನೆಯಲ್ಲಿ ಕೂತು ಏನು ಮಾಡುತ್ತೀ, ದಿನಾ ಆ ಮಾಸ್ತರ ಹತ್ತಿರವೇ ಹೋಗು, ಹತ್ತು ವರ್ಷ ಆಗುತ್ತದೋ ಇಲ್ಲವೋ ಹದಿನೈದು ದಿನದಲ್ಲೇ ಸ್ವಲ್ಪ ಗೊತ್ತಾಗುತ್ತದೆ ಎಂದರು.

ಮರುದಿನದಿಂದ ಮೊದಲ ಬಸ್ಸಿಗೆ ನದಿಯ ಈಚೆ ದಡದ ಕಾಸರಕೋಡಿಗೆ, ಅಲ್ಲಿಂದ ಲಾಂಚಿಗೆ. ಮಾಸ್ತರಿಗೆ ಎಲ್ಲವನ್ನೂ ಹೇಳಿದೆ. ಅವರು ಮೊದಲು ಕೇಳಿದ್ದು ಭಾವನ ಭುಜ ಹೇಗಿದೆ ಎಂದು. ಎರಡು ಸಲ ಕೇಳಿದರು. ಆಮೇಲೆ ಸ್ವಲ್ಪ ನಾಚಿಕೆಯಿಂದ, ಗಾಳಿ ಯಾವ ಕಡೆಯಿತ್ತು, ಸ್ವರ ಎಷ್ಟು ದೂರ ಕೇಳಿತು ಎಂದೂ ವಿಚಾರಿಸಿದರು. ಅವತ್ತು ಅವರು ನನ್ನನ್ನು ಜಗಲಿಯಿಂದ ಒಳಕೋಣೆಗೆ ಕರೆದರು. ಐದು ತಿಂಗಳಲ್ಲಿ ನಾನು ಹೊಸಿಲು ದಾಟಿದ್ದು ಅವತ್ತೇ ಮೊದಲು. ನಾನು ಇನ್ನು ದಿನಾ ಬರುತ್ತೇನೆಂದು ಕೇಳಿದ ಅವರ ಹೆಂಡತಿ ಚಹಾ ತಂದಿಟ್ಟು, "ದಿನಾ ಬತ್ಯಡ, ಊಟನೂ ಇಲ್ಲೇ ಮಾಡು" ಎಂದರು.

ಮೊದಲ ಮೂರು ದಿನ ಹಬ್ಬದಂತೆ ಹೋದವು. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಹಾಡುತ್ತಿದ್ದೆ. ನಾಲ್ಕನೆಯ ದಿನ ಎರಡು ಗಂಟೆ ಕಳೆದ ಮೇಲೆ ಮನಸ್ಸು ಎದ್ದು ಹೋಯಿತು. ಗಂಟಲು ಚೆನ್ನಾಗಿಯೇ ಇತ್ತು. ಇವತ್ತು ಗಾಳಿ ತಿರುಗಿದೆ, ಬಲೆ ಎಲ್ಲಿ ಬಿಟ್ಟಿರಬಹುದು ಎಂದು ಯೋಚಿಸುತ್ತಿದ್ದೆ. ಅಭ್ಯಾಸವಾಗುತ್ತದೆ ಎಂದುಕೊಂಡೆ. ಐದನೆಯ ದಿನವೂ ಹಾಗೇ. ಲಾಂಚಿನವನ ಹತ್ತಿರ ಅವತ್ತು ಯಾವ ಮೀನು ಬಂದಿದೆ ಎಂದು ಕೇಳಿಯೇ ಲಾಂಚು ಹತ್ತುತ್ತಿದ್ದೆ.

ಎಂಟನೆಯ ದಿನವೋ ಒಂಬತ್ತನೆಯ ದಿನವೋ, ಇದೊಂದು ನನಗೆ ಸರಿಯಾಗಿ ನೆನಪಿಲ್ಲ, ಲಾಂಚು ಬೇಗ ಸಿಕ್ಕಿ ನಾನು ಹೊತ್ತಿಗೆ ಮೊದಲೇ ತಲುಪಿದೆ. ಮಾಸ್ತರು ಒಬ್ಬರೇ ಹಾಡುತ್ತಿದ್ದರು. ನಾಲ್ಕೇ ಸ್ವರದ ಒಂದು ತುಣುಕು. ಮುಗಿಸಿ ಮತ್ತೆ ಅದನ್ನೇ ಹಾಡಿದರು, ಮತ್ತೆ ಅದನ್ನೇ. ನಾನು ಅಂಗಳದಲ್ಲಿ ನಿಂತು ಮೂವತ್ತರವರೆಗೆ ಎಣಿಸಿದೆ. ಅವರು ಎಣಿಸುತ್ತಿರಲಿಲ್ಲ. ಅವರ ಮುಖದಲ್ಲಿ ಆಯಾಸ ಇರಲಿಲ್ಲ, ಹಟ ಇರಲಿಲ್ಲ, ಬೇಗ ಮುಗಿಸಬೇಕೆಂಬ ಅವಸರವೂ ಇರಲಿಲ್ಲ. ಆ ಮುಖವನ್ನು ನಾನು ಮೊದಲೂ ನೋಡಿದ್ದೆ. ಬಂಗಡೆ ಮೀನಿನ ಹಿಂಡು ಬಂದಾಗ ನೀರು ಒಂದು ಕಡೆ ಕಪ್ಪಗೆ ತಿರುಗುತ್ತದೆ. ಅದಕ್ಕಾಗಿ ದೊಡ್ಡಪ್ಪ ದಿಬ್ಬದ ಮೇಲೆ ಗಂಟೆಗಟ್ಟಲೆ ಕೂತು ನೀರನ್ನೇ ನೋಡುವಾಗ ಅವರ ಮುಖ ಹೀಗೇ ಇರುತ್ತಿತ್ತು. ನಾನೂ ಅವರ ಪಕ್ಕದಲ್ಲಿ ಹಾಗೆ ಕೂತಿದ್ದೇನೆ, ಒಂದು ದಿನವೂ ಹೊತ್ತು ಎಣಿಸಿಲ್ಲ. ಹಾಡುವಾಗ ಎಣಿಸುತ್ತಿದ್ದೆ.

ಇಷ್ಟು ಗೊತ್ತಾದಾಗ ದುಃಖವಾಗಬೇಕಿತ್ತು. ಆಗಲಿಲ್ಲ. ಬೆಳಗಿನಿಂದ ತಲೆಯ ಮೇಲಿದ್ದ ಬುಟ್ಟಿಯನ್ನು ಯಾರೋ ಬಂದು ಇಳಿಸಿಕೊಂಡ ಹಾಗಾಯಿತು. ಉಳಿದ ದಿನಗಳಲ್ಲಿ ನಾನು ಮೊದಲಿಗಿಂತ ಚೆನ್ನಾಗಿ ಹಾಡಿದೆ ಎಂದು ಮಾಸ್ತರೇ ಹೇಳಿದ್ದಾರೆ. ಎರಡು ಗಂಟೆ ಹಾಡಿ, ಆಮೇಲೆ ಅವರ ಹಾಡು ಕೇಳುತ್ತ ಕೂರುತ್ತಿದ್ದೆ.

ನಾನು ಯಾವುದಕ್ಕಾಗಿ ಉಳಿದೆನೋ ಆ ರಂಪಣಿ ಹೆಚ್ಚು ವರ್ಷ ಬಾಳಲಿಲ್ಲ. ಮಶಿನ್ ದೋಣಿಗಳು ಬಂದು ದೂರದಲ್ಲೇ ಮೀನು ಹಿಡಿದವು. ದಂಡೆಗೆ ಮೀನು ಬರುವುದು ನಿಂತಿತು, ಎಂಬತ್ತರ ಹೊತ್ತಿಗೆ ನಮ್ಮ ಬಲೆ ಚಪ್ಪರದಲ್ಲೇ ಉಳಿಯಿತು. ನಾನು ಟೈಪಿಂಗನ್ನು ಮತ್ತೆ ಕಲಿತು ಕುಮಟೆಯ ಒಂದು ಕಚೇರಿಯಲ್ಲಿ ಗುಮಾಸ್ತನಾದೆ. ಹಾಗಾದರೆ ಧಾರವಾಡಕ್ಕೆ ಹೋಗಿದ್ದರೇ ಒಳ್ಳೆಯದಿತ್ತಲ್ಲ ಎಂದು ಕೇಳುವವರಿದ್ದಾರೆ. ಇರಬಹುದು. ನನಗೆ ಹಾಗೆ ಅನ್ನಿಸಿಲ್ಲ. ಮಾಸ್ತರು ಇರುವವರೆಗೂ ಸೋಮವಾರದ ಪಾಠ ನಡೆಯಿತು. ಕುಮಟೆಯ ಬಾಡಿಗೆ ಕೋಣೆಯಲ್ಲಿ ದಿನಾ ಬೆಳಿಗ್ಗೆ ಹಾಡುತ್ತಿದ್ದೆ, ಈಗಲೂ ಹಾಡುತ್ತೇನೆ, ಕಿಟಕಿ ಮುಚ್ಚಿಕೊಂಡು. ಕಡಲಿನ ಎದುರು ಮಾತ್ರ ಇವತ್ತಿಗೂ ಸಾ ಹಿಡಿದಿಲ್ಲ. ಮೂರು ತಲೆ ಒಂದೇ ಕಡೆಗೆ ತಿರುಗಿದ್ದು ಕಣ್ಣಿಗೆ ಬರುತ್ತದೆ.

ಆ ಶಿಕ್ಷೆಯ ಹದಿನೈದನೆಯ ದಿನ, ದೀಪಾವಳಿಗೆ ಇನ್ನೂ ಒಂದು ವಾರವಿರುವಾಗ, ಪಾಠ ಮುಗಿದ ಮೇಲೆ ಹೇಳಿದೆ.

"ಮಾಸ್ತರೆ, ಧಾರವಾಡಕ್ಕೆ ನಾ ಹೋಗೂದಿಲ್ಲ."

ಅವರು ಪೇಟಿಯ ತಿದಿ ಮುಚ್ಚಿ ಕೊಕ್ಕೆ ಹಾಕಿದರು.

"ಸಂಗೀತ ಬಿಡ್ತ್ಯಾ?"

"ಇಲ್ಲ. ಬಿಡೂದಿಲ್ಲ. ಅದ್ರಿಂದ ನಂಗೆ ಎಂತದೂ ಆಗೂದು ಬ್ಯಾಡ. ಬರೇ ಹಾಡ್ಬೇಕು."

ಅವರಿಗೆ ಬೇಸರವಾಯಿತೋ ಹಗುರವಾಯಿತೋ ನನಗೆ ಇವತ್ತಿಗೂ ಗೊತ್ತಿಲ್ಲ.

"ಇಷ್ಟು ಹೇಳಲೆ ಯಾಕೆ ಹೀಂಗೆ ಬೆವರ್ತೆ? ಆತು. ಸೋಮವಾರ ಬಾ. ಹೊತ್ತಿಗೆ ಸರಿಯಾಗಿ ಬಾ."

ಲಾಂಚಿನಲ್ಲಿ ಅವತ್ತು ಜನ ತುಂಬಿದ್ದರು. ಸಂತೆ ಮುಗಿಸಿದ ಹೆಂಗಸರು ಖಾಲಿ ಬುಟ್ಟಿ ಮಗುಚಿ ಅದರ ಮೇಲೆ ಕೂತಿದ್ದರು, ಎರಡು ಸೈಕಲ್ಲು, ಒಂದು ಆಡು. ನಾನು ಹಿಂದೆ ಎಂಜಿನ್ನಿನ ಹತ್ತಿರ ನಿಂತಿದ್ದೆ. ನದಿಯ ನಡುವೆ ಬಂದಾಗ ನಾನು ಹಾಡುತ್ತಿದ್ದೇನೆ ಎಂದು ಗೊತ್ತಾಯಿತು, ಮೆಲ್ಲಗೆ, ಎಂಜಿನ್ನಿನ ಸದ್ದಿನ ಅಡಿಯಲ್ಲಿ. ತಟ್ಟನೆ ತಲೆ ಎತ್ತಿ ಸುತ್ತ ನೋಡಿದೆ. ಒಬ್ಬ ಹೆಂಗಸು ಎಲೆಗೆ ಸುಣ್ಣ ಹಚ್ಚುತ್ತಿದ್ದಳು. ಲಾಂಚಿನವ ಕಾಸರಕೋಡಿನ ಕಟ್ಟೆ ನೋಡುತ್ತಿದ್ದ. ಯಾರೂ ಏನನ್ನೂ ಹಿಡಿದಿರಲಿಲ್ಲ, ಎಳೆಯಲು ಕಾಯುತ್ತಿರಲಿಲ್ಲ. ಉಸಿರು ಇನ್ನೂ ಉಳಿದಿರುವಾಗಲೇ, ಆ ಸ್ವರವನ್ನು ನಾನೇ ನಿಲ್ಲಿಸಿದೆ.